ಸುಬೇದಾರರ ಉಪವಾಸದ ಸಾಲು

ಐದಾರು ವರ್ಷಗಳ ಹಿಂದೆ ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲರ್ ಆಗಿದ್ದೆ. ಕ್ಯಾನ್ಸರ್ ವಂಶಪಾರಂಪರ್ಯವಾಗಿ ಬಂದಿದೆಯೇ ಎಂದು ತಿಳಿಯುವ ರಕ್ತಪರೀಕ್ಷೆಯ ಲಾಭ ನಷ್ಟ ವಿವರಿಸಿ, ತೀರ್ಮಾನವನ್ನು ರೋಗಿಗೇ ಬಿಡುವುದು ನನ್ನ ಕೆಲಸ. ಸೈನ್ಯದಿಂದ ನಿವೃತ್ತರಾದ ಹರಿಹರದ ಸುಬೇದಾರ್ ಬಸಪ್ಪನವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ಟರು.

"ಓದಿದಿರಾ?"

"ಓದೋದೇನೈತ್ರಿ ಮೇಡಂ. ಡಾಕ್ಟ್ರು ಕಳ್ಸ್ಯಾರ. ಆರ್ಡರ್ ಅಂದ್ರ ಆರ್ಡರ್."

ಆ ಪತ್ರವನ್ನು ಹರಿದು ಹಾಕಿದೆ. ಜೀನ್‌ನಲ್ಲಿ ದೋಷ ಸಿಕ್ಕರೆ ಔಷಧಿ ಆರಿಸಲು ಅನುಕೂಲವಾಗಬಹುದು, ಆದರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂದು ವಿವರಿಸಿದೆ. "ಅರ್ಥವಾಯಿತೇ?" ಎಂದರೆ "ಯೆಸ್" ಎಂದರು. ಮನೆಯವರೊಂದಿಗೆ ಮಾತಾಡಿ ಸೋಮವಾರ ಬರಲು ಹೇಳಿದೆ.

ಸೋಮವಾರ ಏಳೂವರೆಗೇ ನನ್ನ ಬಾಗಿಲ ಮುಂದೆ ಎತ್ತರದ ಪ್ರಕಾರ ಸಾಲು ನಿಂತಿತ್ತು. ಬಸಪ್ಪನವರ ಇಬ್ಬರು ಹೆಣ್ಣುಮಕ್ಕಳು, ಹದಡಿಯಿಂದ ಬಂದ ಅವರ ತಮ್ಮ, ಜೊತೆಗೆ ಹಿರಿಯ ಅಳಿಯ.

"ರಾತ್ರಿಯಿಂದ ಯಾರೂ ನೀರು ಸೈತ ಮುಟ್ಟಿಲ್ರಿ. ಯಾರ್ದು ಮೊದ್ಲು ತಗೋತೀರಿ?"

ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ, ಮೊದಲು ಬೇಕಾದದ್ದು ಬಸಪ್ಪನವರೊಬ್ಬರ ರಕ್ತ ಮಾತ್ರ. ಅಳಿಯನದಂತೂ ಬೇರೆಯೇ ವಂಶ ಎಂದೆ.

"ಊರಿಗೆ ಬಂದಿದ್ರು, ಹಂಗೇ ಕರ್ಕಂಡು ಬಂದೆ" ಎಂದರು ಬಸಪ್ಪನವರು.

ನನಗೆ ನಗು ತಡೆಯಲಾಗಲಿಲ್ಲ. ಆಗ ಹಿರಿಯ ಮಗಳು ಕೇಳಿದಳು: "ಅಪ್ಪಾಜಿ, ಯಾಕ ಬಂದೀವಿ ಅಂತ ಈಗಾದ್ರೂ ಹೇಳ್ರಿ."

ನನ್ನ ನಗು ನಿಂತಿತು. ಅವರು ಮನೆಯಲ್ಲಿ ಕಾಯಿಲೆಯ ಸುದ್ದಿಯನ್ನೇ ಎತ್ತಿರಲಿಲ್ಲ, ಫ್ರೀ ಚೆಕಪ್ ಅಂದಿದ್ದರು. ಎಲ್ಲರೂ ನನ್ನತ್ತ ನೋಡಿದರು. ಇದನ್ನು ನಾನು ಹೇಳುವಂತಿರಲಿಲ್ಲ. ಬಸಪ್ಪನವರ ಕಡೆ ತಿರುಗಿದೆ.

"ನಂಗ ಕ್ಯಾನ್ಸರ್ ಐತವ್ವ" ಎಂದರು ಬಸಪ್ಪನವರು, ಗೋಡೆ ನೋಡುತ್ತ.

"ಇಷ್ಟು ದಿನ ಒಬ್ರೇ ಹೆಂಗೆ ಹೊತ್ಗಂಡಿದ್ರಿ?" ಎಂದು ಅವಳು ಅವರ ಕೈ ಹಿಡಿದಳು.

ಎಲ್ಲರೂ ಕ್ಯಾಂಟೀನಿಗೆ ಹೋದೆವು. ಇಡ್ಲಿ ತಿನ್ನುತ್ತ ಬಸಪ್ಪನವರು ಹೊಸ ಒಪ್ಪಿಗೆ ಪತ್ರವನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಿದರು. ಪರೀಕ್ಷೆಯ ಬಗ್ಗೆ ಮೊದಲ ಸಲ ಪ್ರಶ್ನೆ ಕೇಳಿದರು: "ದೋಷ ಸಿಕ್ರ ನಮ್ಮ ಹುಡುಗ್ಯಾರ ಗತಿ?"

"ಅದು ಅವರಿಗೂ ಬಂದಿದ್ದರೆ, ಹೆಂಗಸರಲ್ಲಿ ಅದೇ ದೋಷದಿಂದ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿರಬಹುದು. ಮೊದಲೇ ತಿಳಿದರೆ ಎಚ್ಚರದಿಂದಿರಬಹುದು. ಪರೀಕ್ಷೆ ಬೇಕೋ ಬೇಡವೋ ಅವರಿಗೆ ಬಿಟ್ಟದ್ದು."

"ನಂಗ ಈಗ್ಲೇ ಬ್ಯಾಡ" ಎಂದಳು ಕಿರಿಯವಳು. ಸುಬೇದಾರರು ಆರ್ಡರ್ ಕೊಡಲು ಬಾಯಿ ತೆರೆದು, ನನ್ನ ಮುಖ ನೋಡಿ, ಬಾಯಿಗೆ ಇಡ್ಲಿ ಹಾಕಿಕೊಂಡರು. ಆಮೇಲೆ ತಮ್ಮ ಪರೀಕ್ಷೆಗೆ ಮಾತ್ರ ಸಹಿ ಹಾಕಿದರು.

ಅವರಲ್ಲಿ ದೋಷ ಸಿಕ್ಕಿತು. ಆ ಸೋಮವಾರದಿಂದ ನಾನು ಯಾರನ್ನೂ "ಅರ್ಥವಾಯಿತೇ?" ಎಂದು ಕೇಳುವುದಿಲ್ಲ. "ಮನೆಯಲ್ಲಿ ಏನಂತ ಹೇಳುತ್ತೀರಿ?" ಎಂದು ಕೇಳಿ ಕಾಯುತ್ತೇನೆ. ಕಾಯುವುದೇ ನನ್ನ ಕೆಲಸದ ಮುಕ್ಕಾಲು ಭಾಗ. ಕೆಲವು ತಿಂಗಳ ನಂತರ ಬಸಪ್ಪನವರ ಕಿರಿಯ ಮಗಳು ಪರೀಕ್ಷೆಗೆಂದು ಬಂದಳು. ಒಬ್ಬಳೇ, ಹೊಟ್ಟೆತುಂಬ ತಿಂಡಿ ತಿಂದು.