ಹಳದಿ ಹೂವಿನ ಕಾವಲುಗಾರ

ನಮ್ಮೂರ ಪಕ್ಕದ ವೆಲೆಬಿಟ್ ಬೆಟ್ಟದ ಸುಣ್ಣಕಲ್ಲಿನ ಇಳಿಜಾರಿನಲ್ಲಿ ಅರಳುವ ಅಪರೂಪದ ಡೆಗೇನಿಯಾ ಹೂವನ್ನು ದೇವರು ತಮ್ಮೊಬ್ಬರನ್ನೇ ನಂಬಿ ಸೃಷ್ಟಿಸಿದ್ದಾನೆ ಎಂದು ನಮ್ಮ ಪಕ್ಕದ ಮನೆಯ ಯೋಸೊ ಮಾಮ ತಿಳಿದಿದ್ದಾರೆ. ಅವರು ಯಾರೂ ನೇಮಿಸದ ಕಾವಲುಗಾರ. ಸಂಬಳವಿಲ್ಲ, ಗತ್ತು ಮಾತ್ರ ಮಂತ್ರಿಯದು. ಹೂವೆಲ್ಲಿದೆ ಎಂದು ಯಾರೇ ಕೇಳಲಿ, "ಅಯ್ಯೋ, ಹೋದ ವಾರಾನೇ ಉದುರಿಹೋಯ್ತಲ್ಲ!" ಎನ್ನುತ್ತಾರೆ, ಹಿಮ ಕರಗದ ಫೆಬ್ರುವರಿಯಲ್ಲೂ. ಒಮ್ಮೆ ರಾಜಧಾನಿ ಝಾಗ್ರೆಬ್‌ನಿಂದ ಬಂದ ಪತ್ರಿಕೆಯವರನ್ನು ಮೂರು ಗಂಟೆ ಬೆಟ್ಟ ಹತ್ತಿಸಿ, ಯಾವುದೋ ಹಳದಿ ಕಳೆಗಿಡದ ಫೋಟೊ ತೆಗೆಸಿ, ಅವರೇ ತಂದಿದ್ದ ಪ್ಲಮ್ ಸಾರಾಯಿ ಕುಡಿದು ಇಳಿದು ಬಂದರು. ಚರ್ಚಿನಲ್ಲಿ ಪಾದ್ರಿಗಳ ಮುಂದೆ ಕೂಡ ಆ ಜಾಗವೊಂದನ್ನು ಬಿಟ್ಟು ಉಳಿದ ಪಾಪಗಳನ್ನೆಲ್ಲ ಒಪ್ಪಿಕೊಳ್ಳುತ್ತಾರಂತೆ. ಇಂಥವರು ಈ ಸಲ ಹೂವು ಬಿಡುವ ಮೇ ತಿಂಗಳಲ್ಲೇ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನು ನೋಡಲು ಹೋದಾಗ, "ಬೇರು ಸಮೇತ ಕಿತ್ಕೊಂಡು ಹೋಗ್ತಾರೆ ಕಣೋ!" ಎಂದು ಮಗುವಿನಂತೆ ಅಳುತ್ತಿದ್ದರು. ಹೆಂಡತಿ ಮಾಂಡಾ ಬೂಟು ಹಾಕಿಕೊಂಡರು. "ನಾನು ಹೋಗಿ ಕಾಯ್ತೀನಿ." "ನಿನಗೆಲ್ಲಿ ಗೊತ್ತೇ ಆ ಜಾಗ?" "ಮದುವೆಯಾದ ವರ್ಷಾನೇ ನಿನ್ನ ಹಿಂದೆ ಬಂದು ನೋಡಿದ್ದೆ ಮಾರಾಯ. ದಿನಾ ಯಾವಳ ಹತ್ರ ಹೋಗ್ತೀಯೋ ಅಂತ ಅನುಮಾನ ಇತ್ತು. ನಲವತ್ತು ವರ್ಷ ಆಯ್ತು, ಯಾರಿಗಾದ್ರೂ ಹೇಳಿದ್ನಾ?" ಮಾಮ ಕಣ್ಣೊರೆಸಿಕೊಂಡು, ನಾನು ಅಲ್ಲಿರುವುದನ್ನೂ ಮರೆತು, ಮೆಲ್ಲಗೆ ಕೇಳಿದರು: "ಚೆನ್ನಾಗಿತ್ತಲ್ವೇನೇ?"