‘ಕೇಳಿ ಹೇಳ್ತೀನಿ’ ಎಂದು ಬರೆಯುವ ಪಟ್ಟಿ ಅಕ್ಕ

ಬೆಳಗಿನ ಐದೂವರೆ. ಮಹಡಿ ಮೇಲಿನ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಮೇಜಿನ ಮೇಲೆ ಸ್ಪೀಕರ್‌ಗೆ ಹಾಕಿಟ್ಟ ಫೋನಿನಿಂದ ನಲವತ್ತು ನಿಮಿಷಗಳಿಂದ ಅದೇ ಪಿಯಾನೊ. ನಡುನಡುವೆ ಒಂದು ಹೆಣ್ಣುದನಿ ‘ನಿಮ್ಮ ಕರೆ ನಮಗೆ ಬಹಳ ಮುಖ್ಯ’ ಎನ್ನುತ್ತದೆ. “ಅಷ್ಟು ಮುಖ್ಯ ಆಗಿದ್ರೆ ಎತ್ತಮ್ಮ ತಾಯಿ” ಎಂದು ಫೋನಿಗೇ ಹೇಳಿ, ಪಟ್ಟಿ ಅಕ್ಕ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಳ್ಳುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಎದುರಿಗೆ ಕೂತಿದ್ದೇನೆ. ಫೋನಿನ ಆ ತುದಿಯ ದೇಶದಲ್ಲಿ ಈಗ ಸಂಜೆ. ನಮ್ಮ ಗಡಿಯಾರದಲ್ಲಿ ಆರಾಗುವ ಹೊತ್ತಿಗೆ ಅಲ್ಲಿನ ಆರೋಗ್ಯ ವಿಮೆ ಕಚೇರಿ ಬಾಗಿಲು ಹಾಕುತ್ತದೆ.

ಹೊರದೇಶಗಳಿಗೆ ನರ್ಸ್, ವೆಲ್ಡರ್, ಅಡುಗೆಯವರನ್ನು ಕಳಿಸುವ ಪುಟ್ಟ ಏಜೆನ್ಸಿ ಇದು. ಅಕ್ಕ ಇಲ್ಲಿಗೆ ಬಂದದ್ದು ಟೈಪಿಸ್ಟ್ ಆಗಿ. ಈಗ ಐವತ್ತಾರು ವಯಸ್ಸು. ಯಾವ ದೇಶದ ವಿಮೆ ಯಾರಿಗೆ, ಯಾವ ಕಾಯಿಲೆಗೆ, ಎಷ್ಟು ದಿನ ಕಾದ ಮೇಲೆ ಸಿಗುತ್ತದೆ ಎಂದು ಹೋಲಿಸಿ ಪಟ್ಟಿ ಮಾಡುವುದು ಅವರ ಕೆಲಸ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯನ್ನು ಅಂಟಿಸಿ ಮಾಡಿದ ಆ ಪಟ್ಟಿ ಗೋಡೆ ತುಂಬ ಹಬ್ಬಿದೆ. ಇಪ್ಪತ್ತೊಂದು ದೇಶ, ಹದಿನಾಲ್ಕು ಕಾಲಂ, ಎಲ್ಲವೂ ಪೆನ್ಸಿಲ್ಲಿನಲ್ಲಿ. “ಪೆನ್ನಲ್ಲಿ ಬರೆದ್ರೆ ಅವರಿಗೆ ಹೇಗೋ ಗೊತ್ತಾಗಿಬಿಡುತ್ತೆ. ಮಾರನೇ ದಿನವೇ ನಿಯಮ ಬದಲಾಯಿಸ್ತಾರೆ.”

ದೇಶಗಳಿಗೆಲ್ಲ ಅಕ್ಕ ಅಡ್ಡಹೆಸರಿಟ್ಟಿದ್ದಾರೆ. ದೊಡ್ಡ ಡಾಕ್ಟರನ್ನು ನೋಡುವ ಮೊದಲು ಸಣ್ಣ ಡಾಕ್ಟರ ಚೀಟಿ ಕೇಳುವುದು ಚೀಟಿ ದೇಶ. ಆಪರೇಷನ್ನಿಗೆ ವರ್ಷಗಟ್ಟಲೆ ಕಾಯಿಸುವುದು ‘ನಾಳೆ ಬಾ’ ದೇಶ. ಹಲ್ಲಿಗೆ ವಿಮೆಯನ್ನೇ ಕೊಡದಿರುವುದು ಬೊಚ್ಚುಬಾಯಿ ದೇಶ. ಈಗ ಪಿಯಾನೊ ನುಡಿಸುತ್ತಿರುವುದು ಅದೇ.

ಕಾಯುತ್ತಿರುವುದು ಒಬ್ಬ ನರ್ಸಿಗಾಗಿ. ಆಕೆಗೆ ಎರಡು ದೇಶಗಳಿಂದ ಕೆಲಸದ ಪತ್ರ ಬಂದಿದೆ. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಒಂದಕ್ಕೆ ಸಹಿ ಹಾಕಬೇಕು, ಇಲ್ಲವೆಂದರೆ ಎರಡೂ ಕೈತಪ್ಪುತ್ತವೆ. ಜೊತೆಗೆ ಹೋಗಬೇಕಾದ ಒಂಬತ್ತು ವರ್ಷದ ಹುಡುಗಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಚುಚ್ಚಬೇಕು. ವಿಮೆ ಸಿಗದ ಕಡೆ ಅವಳನ್ನು ಕರೆದೊಯ್ಯುವಂತಿಲ್ಲ. ಬಿಟ್ಟು ಹೋಗೋಣವೆಂದರೆ ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ.

ಅರ್ಜಿಯಲ್ಲಿ ನರ್ಸ್ ‘ಮಗಳು’ ಎಂದು ತುಂಬಿದ್ದರು. ಅಕ್ಕ ಅರ್ಜಿಯನ್ನು ನಂಬುವುದಿಲ್ಲ. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಮಗು ನಿನ್ನ ಏನಂತ ಕರೀತಾಳೆ?”

“ಚಿಕ್ಕಮ್ಮ ಅಂತ. ತೀರಿಹೋದ ನಮ್ಮಕ್ಕನ ಮಗು. ಎರಡು ವರ್ಷದವಳಿದ್ದಾಗಿಂದ ನಾನೇ ಸಾಕಿದ್ದೀನಿ. ಅಕ್ಕನ ಮಗಳು ಅಂದ್ರೆ ಮಗಳೇ ಅಲ್ವಾ ಅಕ್ಕಾ?”

“ನನಗೂ ನಿನಗೂ ಹೌದು. ವಿಮೆಯವರನ್ನ ಕೇಳಿ ಹೇಳ್ತೀನಿ.”

ಮೊದಲ ದೇಶದಲ್ಲಿ ದೊಡ್ಡ ಆಸ್ಪತ್ರೆ, ಹಲ್ಲು ಕಣ್ಣು ಎಲ್ಲಕ್ಕೂ ವಿಮೆ. ಆದರೆ ಮಗು ಎಂದರೆ ಹೆತ್ತಿರಬೇಕು ಅಥವಾ ದತ್ತು ಪಡೆದಿರಬೇಕು ಎಂದು ಸೋಮವಾರವೇ ಖಡಾಖಂಡಿತವಾಗಿ ಹೇಳಿಬಿಟ್ಟರು. ಉಳಿದಿರುವುದು ಬೊಚ್ಚುಬಾಯಿ ದೇಶ ಒಂದೇ.

‘ಏನಂತ ಕರೀತಾಳೆ’ ಎಂಬ ಅಕ್ಕನ ಆ ಪ್ರಶ್ನೆ ಹುಟ್ಟಿದ್ದು ಅವರದೇ ತಪ್ಪಿನಿಂದ. ಒಂಬತ್ತು ವರ್ಷಗಳ ಹಿಂದೆ ಒಂದು ದೇಶದ ಸಾಲಿನಲ್ಲಿ ‘ಮನೆಯವರಿಗೂ ಸಿಗುತ್ತದೆ’ ಎಂದು ಬರೆದಿದ್ದರು. ನಿಯಮದಲ್ಲಿದ್ದದ್ದು ಗಂಡ ಅಥವಾ ಹೆಂಡತಿ ಎಂದು. ಗಂಡನ ಹೆಸರು ಬಾಯಲ್ಲಿ ಹೇಳದೆ ‘ನಮ್ಮನೆಯವರು’ ಎನ್ನುತ್ತಲೇ ಸಂಸಾರ ಮಾಡಿದ ಅಕ್ಕನಿಗೆ ಆ ಪದಕ್ಕೆ ಬೇರೆ ಅರ್ಥ ಹೊಳೆಯಲೇ ಇಲ್ಲ. ಒಬ್ಬ ವೆಲ್ಡರ್ ಅದನ್ನು ಓದಿ, ಮನೆಯಲ್ಲಿರುವವರೆಲ್ಲ ಎಂದುಕೊಂಡು, ಹೃದಯದ ತೊಂದರೆಯಿದ್ದ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋದ. ಮೂರನೇ ತಿಂಗಳು ತಾಯಿ ಆಸ್ಪತ್ರೆ ಸೇರಿದಾಗ ವಿಮೆ ಕೈಯೆತ್ತಿತು. ಅವನು ಕೆಲಸ ಬಿಟ್ಟು ತಾಯಿಯನ್ನು ವಾಪಸ್ ಕರೆತಂದ.

“ಬಂದು ಇದೇ ಕುರ್ಚಿಲಿ ಕೂತ. ಬೈತಾನೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿತ್ತು. ‘ಅಕ್ಕಾ, ಆ ಪದ ಒಂದು ಅಳಿಸಿಬಿಡಿ, ಇನ್ನೊಬ್ರು ಓದೋದು ಬೇಡ’ ಅಂದ. ರಬ್ಬರನ್ನೂ ಅವನೇ ಎತ್ಕೊಟ್ಟ.” ಹೇಳುತ್ತ ಅಕ್ಕ ಬೇರೆ ಕಡೆ ನೋಡುತ್ತಾರೆ.

ಅಂದಿನಿಂದ ಆ ಕಾಲಂ ಒಡೆದು ಆರಾಗಿದೆ: ಗಂಡ-ಹೆಂಡತಿ, ಮಕ್ಕಳು, ತಾಯಿ, ತಂದೆ, ಅತ್ತೆ, ಮಾವ. ‘ಅತ್ತೆ ಮಾವನ್ನ ಕಟ್ಕೊಂಡು ವಿಮಾನ ಹತ್ತೋ ಗಟ್ಟಿಗರು ಯಾರಮ್ಮ?’ ಎಂದು ಮಾಲೀಕರು ನಗುತ್ತಾರೆ. ಅಕ್ಕ ಅಳಿಸುವುದಿಲ್ಲ. ಒಂದೊಂದು ಚೌಕದಲ್ಲೂ ‘ಹೌದು’ ಅಥವಾ ‘ಇಲ್ಲ’ ಎಂದಿರಬೇಕು. ಗೊತ್ತಿಲ್ಲದಿದ್ದರೆ ‘ಕೇಳಿ ಹೇಳ್ತೀನಿ’.

ಕೇಳುವುದೆಂದರೆ ಸುಮ್ಮನೆ ಅಲ್ಲ. ವಾರಕ್ಕೆ ಮೂವತ್ತಕ್ಕೂ ಹೆಚ್ಚು ಕರೆ, ಅದರಲ್ಲಿ ಅರ್ಧದಷ್ಟು ಯಾರೂ ಎತ್ತುವ ಮೊದಲೇ ಕಟ್ಟಾಗುತ್ತವೆ. ನಾಲ್ಕಕ್ಕೆ ಎದ್ದು ಫ್ಲಾಸ್ಕಿಗೆ ಚಹಾ ತುಂಬಿಕೊಡುವವರು ಅದೇ ‘ನಮ್ಮನೆಯವರು’, ನಿವೃತ್ತ ಬಸ್ ಡ್ರೈವರ್. ಮುಂಜಾವದ ಈ ಗಂಟೆಗಳು ಹಾಜರಿ ಪುಸ್ತಕದಲ್ಲಿಲ್ಲ. ಕುತ್ತಿಗೆ ಒಂದು ಕಡೆ ಹಿಡಿದುಕೊಂಡಿದೆ. ಅದಕ್ಕೆ ಏಜೆನ್ಸಿ ಮಾಡಿಸಿದ ವಿಮೆ ಸಿಗದು, ಮೊದಲೇ ಇದ್ದ ನೋವಂತೆ. “ಮೊದಲೆಲ್ಲಿತ್ತು? ಈ ಫೋನು ಹಿಡಿದ ಮೇಲೆ ಬಂದದ್ದು. ಸಾಕಾಗಿದೆ ನೋಡಿ. ಆದ್ರೆ ನಾನು ಕೇಳದೆ ಹೋದ್ರೆ ಅವರು ಅಲ್ಲಿ ಹೋಗಿ ಆಸ್ಪತ್ರೆ ಬಾಗಿಲಲ್ಲಿ ನಿಂತು ಕೇಳ್ಬೇಕಾಗುತ್ತೆ.”

ಐದು ಐವತ್ತೆರಡಕ್ಕೆ ಪಿಯಾನೊ ನಿಲ್ಲುತ್ತದೆ. ಸುಸ್ತಾದ ಗಂಡುದನಿಯೊಂದು ಸಂಬಂಧ ಏನು ಎಂದು ಕೇಳುತ್ತದೆ. ಅಕ್ಕ ಆಂಟಿ ಎನ್ನುತ್ತಾರೆ. ಆಂಟಿಯರಿಗೆ ಆಗುವುದಿಲ್ಲ ಎನ್ನುತ್ತದೆ ದನಿ. ಅಕ್ಕ ಹಣೆ ಚಚ್ಚಿಕೊಂಡು ನನ್ನತ್ತ ತಿರುಗುತ್ತಾರೆ: “ನಮ್ಮಲ್ಲಿ ಪಕ್ಕದ ಮನೆಯವಳೂ ಆಂಟಿ. ಚಿಕ್ಕಮ್ಮ ಅನ್ನೋದನ್ನ ಇವರಿಗೆ ಹೇಗೆ ಹೇಳ್ಲಿ?” ಆಮೇಲೆ ಅವರ ಭಾಷೆಯಲ್ಲಿ ನಿಧಾನವಾಗಿ ವಿವರಿಸುತ್ತಾರೆ. ಆ ಪದ ಬಿಡಿ ಸರ್, ಏಳು ವರ್ಷದಿಂದ ಸಾಕಿದ್ದಾಳೆ, ಇವಳೇ ಪೋಷಕಿ ಎಂದು ಕೋರ್ಟು ಕೊಟ್ಟ ಪತ್ರ ಇದೆ, ಆ ಪತ್ರಕ್ಕೆ ನಿಮ್ಮ ನಿಯಮ ಏನು ಹೇಳುತ್ತದೋ ಅದನ್ನು ಓದಿ ಹೇಳಿ.

ಮತ್ತೆ ಪಿಯಾನೊ. ಐವತ್ತೈದು, ಐವತ್ತೇಳು. ಅಕ್ಕನ ಚಹಾ ಆರಿಹೋಗಿದೆ. ಆರಕ್ಕೆ ಒಂದು ನಿಮಿಷವಿದೆ ಎನ್ನುವಾಗ ದನಿ ವಾಪಸ್ ಬರುತ್ತದೆ: ಕೋರ್ಟಿನ ಪತ್ರವಿದ್ದರೆ ಮಗುವೇ, ಸಕ್ಕರೆ ಕಾಯಿಲೆಗೆ ಮೊದಲ ದಿನದಿಂದಲೇ ವಿಮೆ, ಹಲ್ಲಿಗೆ ಮಾತ್ರ ಇಲ್ಲ. ಅದನ್ನು ಬರೆದು ಕಳಿಸುವವರೆಗೆ ಅಕ್ಕ ಫೋನ್ ಇಡುವುದಿಲ್ಲ. ಆರು ಗಂಟೆ ನಾಲ್ಕು ನಿಮಿಷಕ್ಕೆ ಮೇಲ್ ಬರುತ್ತದೆ. ಎರಡು ಸಲ ಓದಿ ನರ್ಸಿಗೆ ಫೋನ್ ಮಾಡುತ್ತಾರೆ. ಎತ್ತಿದ್ದು ಹುಡುಗಿ.

“ಚಿಕ್ಕಮ್ಮ ಸ್ನಾನಕ್ಕೆ ಹೋಗಿದ್ದಾರೆ. ಯಾರು ಮಾತಾಡೋದು?”

“ಪಟ್ಟಿ ಅಕ್ಕ ಅಂತ ಹೇಳು ಪುಟ್ಟಾ. ಹೌದಂತೆ ಅಂತ ಹೇಳು.”

“ಏನು ಹೌದಂತೆ?”

“ನೀನು ಅವಳ ಮಗಳು ಹೌದಂತೆ.”

“ಅದು ನಮಗೆ ಗೊತ್ತಲ್ಲಾ!”

“ಗೊತ್ತಮ್ಮ. ಅವರಿಗೂ ಗೊತ್ತಾಗ್ಲಿ ಅಂತ ಕೇಳ್ದೆ.”

ಫೋನಿಟ್ಟು ಕನ್ನಡಕ ಒರೆಸಿಕೊಂಡ ಅಕ್ಕ ಗೋಡೆಯ ಬಳಿ ಹೋಗಿ, ಪಟ್ಟಿಯ ಅಂಚಿನಲ್ಲಿ ಹೊಸದೊಂದು ಕಾಲಂ ಎಳೆಯುತ್ತಾರೆ. ತಲೆಬರಹ ‘ಚಿಕ್ಕಮ್ಮ ಅನ್ನೋ ಮಕ್ಕಳು’. ಒಂದು ಚೌಕದಲ್ಲಿ ‘ಇಲ್ಲ’, ಒಂದರಲ್ಲಿ ‘ಹೌದು’. ಉಳಿದ ಹತ್ತೊಂಬತ್ತರಲ್ಲೂ ಕುತ್ತಿಗೆ ಓರೆ ಮಾಡಿಕೊಂಡೇ ‘ಕೇಳಿ ಹೇಳ್ತೀನಿ’ ಎಂದು ಬರೆಯುತ್ತಾರೆ.

“ರಿಟೈರ್ ಆಗೋಕೆ ಎರಡು ವರ್ಷ ಇದೆ. ಅಷ್ಟರೊಳಗೆ ಇಷ್ಟನ್ನೂ ಕೇಳಿ ಅಳಿಸಿಬಿಟ್ರೆ ಸಾಕಪ್ಪ. ನನ್ನ ನಂತರ ಬರೋರು ಕೇಳ್ತಾರೋ ಇಲ್ವೋ.”