ಇದಿನಬ್ಬನ ಉಪ್ಪಿನ ಕೋಣೆ

ಸೌದಿಯ ತಾಯಿಫಿನ ಬೆಟ್ಟದ ರಸ್ತೆ ನೋಡಿಕೊಳ್ಳುವ ಕಂಪನಿಯಲ್ಲಿ ಇದಿನಬ್ಬ ಸ್ಟೋರ್‌ಕೀಪರ್. ಉಳ್ಳಾಲದವನು. ಎಂಬತ್ತನಾಲ್ಕರ ಚಳಿಯಲ್ಲಿ ತಿರುವೊಂದರಲ್ಲಿ ನೀರು ಹೆಪ್ಪುಗಟ್ಟಿ ಕಂಪನಿಯದೇ ಟ್ಯಾಂಕರ್ ಜಾರಿ ಅಡ್ಡ ನಿಂತಿತ್ತು. ಮರುವರ್ಷ ನೀರು ಹೆಪ್ಪುಗಟ್ಟದಂತೆ ರಸ್ತೆಗೆ ಎರಚಲೆಂದು ಲಾರಿಗಟ್ಟಲೆ ಉಪ್ಪು ಬಂದಿಳಿಯಿತು.

"ಇಡುವ ಜಾಗ ನೀನೇ ನೋಡು. ಮಂಜಿಗೆ ಒಂದು ಚೀಲ ಒದ್ದೆಯಾದ್ರೂ ನಿನ್ನ ರಜೆ ಕ್ಯಾನ್ಸಲ್," ಎಂದರು ಇಂಜಿನಿಯರ್ ಮುಝಫ್ಫರ್ ಸಾಹೇಬರು.

ಆ ಚಳಿಗಾಲದಲ್ಲೇ ಇದಿನಬ್ಬನ ಮಗಳು ಮೈಮೂನತ್‌ಗೆ ಮದುವೆ. ಅಪ್ಪ ಬಂದೇ ಬರುತ್ತಾನೆಂದು ಅವಳು ಊರಿಡೀ ಸಾರಿಯಾಗಿತ್ತು.

ಮಳೆಗಾಲದಲ್ಲಿ ಅವನ ಉಮ್ಮ ಉಪ್ಪಿನ ಭರಣಿ ಇಡುತ್ತಿದ್ದದ್ದು ಒಲೆಯ ಪಕ್ಕದಲ್ಲೇ. ಮಗನೂ ಹಾಗೇ ಮಾಡಿದ. ಕ್ಯಾಂಪಿನ ಅಡುಗೆಮನೆಗೆ ಅಂಟಿದ ಕೋಣೆಯನ್ನು ಖಾಲಿ ಮಾಡಿಸಿ, ಬೆಚ್ಚಗಿನ ಗೋಡೆಗೆ ಒತ್ತಿ ಚೀಲಗಳನ್ನು ಪೇರಿಸಿದ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟೊಂದು ಉಪ್ಪು ಸುಮ್ಮನೆ ಕೂತಿರುವುದನ್ನು ಉಳ್ಳಾಲದವನು ನೋಡಿಕೊಂಡು ಇರುವುದುಂಟೇ? ಜಿದ್ದಾದಿಂದ ಅಂಜಲ್ ಮೀನು ತರಿಸಿದ, ಉಪ್ಪು ಸವರಿ ತಾರಸಿಯ ಮೇಲೆ ಒಣಗಿಸಿದ, ವಾಸನೆಗೆ ಕ್ಯಾಂಪಿನವರು ರಂಪ ಮಾಡದಿರಲೆಂದು ಉಪ್ಪಿನ ಚೀಲದೊಳಗೆ ಹೂತಿಟ್ಟ.

ಬೆಟ್ಟಕ್ಕೆ ದಟ್ಟ ಮಂಜು ಇಳಿದ ಮರುದಿನ ಸಾಹೇಬರು ತಪಾಸಣೆಗೆ ಬಂದರು. ಬಾಗಿಲಲ್ಲಿ ಬೆಕ್ಕುಗಳ ದರ್ಬಾರು ನಡೆದಿತ್ತು.

"ಉಪ್ಪಿಗೆ ಬೆಕ್ಕು ಎಂತಕ್ಕೆ ಮಾರಾಯ?"

"ಚಳಿ ಅಲ್ವಾ ಸಾರ್. ಇಲ್ಲಿ ಬೆಚ್ಚಗುಂಟು."

ಸಾಹೇಬರೂ ಕರಾವಳಿಯವರೇ, ಭಟ್ಕಳದವರು. ಅವರ ಮೂಗಿಗೆ ಸುಳ್ಳು ಹೇಳಲಾಗುತ್ತದೆಯೇ? ನೇರವಾಗಿ ಆ ಚೀಲದ ಬಳಿಗೇ ಹೋಗಿ ಕೈ ಹಾಕಿದರು. ಹಲಗೆಯಂತೆ ಸೆಟೆದ ಅಂಜಲ್ ಹೊರಗೆ ಬಂತು. ರಜೆ ಹೋಯಿತೆಂದುಕೊಂಡ ಇದಿನಬ್ಬ. ಮೈಮೂನತ್‌ಗೆ ಇನ್ನು ಏನೆಂದು ಹೇಳುವುದು?

ಸಾಹೇಬರು ಮೀನನ್ನು ಗೋಡೆಗೆ ತಟ್ಟಿ ನೋಡಿದರು. ಟಕ್ ಟಕ್ ಎಂದಿತು.

"ಮೀನೇ ಇಷ್ಟು ಒಣಗಿದ ಮೇಲೆ ಉಪ್ಪನ್ನು ಬೇರೆ ಎಂತ ನೋಡುವುದು? ಊರಿಗೆ ಹೋಗು, ಮದುವೆ ಮಾಡಿಸಿ ಬಾ. ಈ ಚೀಲ ನನ್ನ ರೂಮಿಗೆ ಬರಲಿ."

ಇದಿನಬ್ಬನ ಮುಖ ಅರಳಿದ್ದು ಅರ್ಧದಲ್ಲೇ ಬಾಡಿತು. "ಮೀನು ಪೂರ್ತಿಯಾ ಸಾರ್?"

"ಊರಿಗೆ ಹೋಗುವವನಿಗೆ ಒಣಮೀನು ಎಂತಕ್ಕೆ? ಈ ರಸ್ತೆ ಬಿಟ್ಟು ಊರಿಗೆ ಹೋಗ್ಲಿಕ್ಕೆ ಕಂಪನಿ ನನ್ನನ್ನು ಈ ವರ್ಷವೂ ಬಿಡ್ಲಿಲ್ಲ ಮಾರಾಯ."

ಸಾಹೇಬರು ಮೀನನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಇದಿನಬ್ಬ ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿದ:

"ಸಾರ್, ಪಕ್ಕದ ಚೀಲದಲ್ಲೂ ಉಂಟು."